ಗಟ್ಟಿಮೇಳದ ಬೆರಳು

ಯಲಹಂಕದ ಹತ್ತಿರದ ಸಿಂಗಾಪುರದ ನಮ್ಮ ಬಡಾವಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಮದುವೆಯೂ ಉಪೇಂದ್ರರ ಬೆರಳಿಲ್ಲದೆ ನಡೆದಿಲ್ಲ. ಈ ಮಾತನ್ನು ಉಪೇಂದ್ರರೇ ಹೇಳಿಕೊಳ್ಳುತ್ತಾರಾದ್ದರಿಂದ ನಾನು ಪರೀಕ್ಷಿಸಿ ನೋಡಲೆಂದು ನಾಲ್ಕು ಮದುವೆಗಳಿಗೆ ಹೋಗಿ, ನಾಲ್ಕರಲ್ಲೂ ಊಟ ಮಾಡಿ, ನಿಜವೆಂದು ಒಪ್ಪಿಕೊಂಡಿದ್ದೇನೆ.

ಬೆರಳು ಎಂದರೆ ಬಲಗೈಯ ತೋರುಬೆರಳು. ಮುಹೂರ್ತದ ಹೊತ್ತಿಗೆ ಉಪೇಂದ್ರರು ಯಾರೂ ಕರೆಯದೆ ಮಂಟಪ ಹತ್ತಿ ಪುರೋಹಿತರ ಪಕ್ಕದಲ್ಲಿ ನಿಲ್ಲುತ್ತಾರೆ. ಒಂದು ಕಣ್ಣು ವರನ ಕೈಯ ತಾಳಿಯ ಮೇಲೆ, ಇನ್ನೊಂದು ಕಣ್ಣು ಮೂಲೆಯಲ್ಲಿ ಕೂತ ವಾಲಗದವರ ಮೇಲೆ. ತಾಳಿ ವಧುವಿನ ಕೊರಳು ಮುಟ್ಟಿತೋ ಇಲ್ಲವೋ, ಬೆರಳು ತಲೆಯ ಮೇಲಕ್ಕೆ ಎದ್ದು ಗಡಗಡ ಅಲುಗುತ್ತದೆ. “ಗಟ್ಟಿಮೇಳ! ಗಟ್ಟಿಮೇಳ!” ಡೋಲು ಸಿಡಿಯುತ್ತದೆ, ನಾದಸ್ವರ ಮುಗಿಲು ಮುಟ್ಟುತ್ತದೆ, ಮುನ್ನೂರು ಜನ ಒಟ್ಟಿಗೆ ಅಕ್ಷತೆ ಎಸೆಯುತ್ತಾರೆ. ಉಪೇಂದ್ರರು ಅಷ್ಟೂ ಅಕ್ಷತೆ ತಮಗೇ ಬಿತ್ತೆಂಬಂತೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಆಮೇಲೆ ಊಟದ ಪಂಕ್ತಿಗೆ ಇಳಿದು ಬರುತ್ತಾರೆ.

ಈ ಬೆರಳೊಂದನ್ನು ಬಿಟ್ಟರೆ ಉಪೇಂದ್ರರ ಉಳಿದ ಯಾವ ಭಾಗವೂ ಸಮಯಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮರುವಾರ, ಅಭ್ಯಾಸಬಲದಿಂದ ಬಸ್ಸು ಹತ್ತಿ ಅಲ್ಲಿಗೇ ಹೋಗಿ, ಗೇಟಿನವನು ಬಿಡಲಿಲ್ಲವೆಂದು ಅವನ ಮೇಲೆ ದೂರು ಕೊಟ್ಟು ಬಂದವರು ಅವರು. ಒಮ್ಮೆ ಅಲ್ಲಾಳಸಂದ್ರದಲ್ಲಿ ಯಾರದೋ ಗೃಹಪ್ರವೇಶದಲ್ಲಿ ಹೋಳಿಗೆ ಉಂಡು, ತಾಂಬೂಲ ತೆಗೆದುಕೊಳ್ಳುವಾಗ ‘ನೀವು ಯಾರ ಕಡೆಯವರು?’ ಎಂದು ಮನೆಯ ಯಜಮಾನನನ್ನೇ ಕೇಳಿದ್ದರು. ಹೋಗಬೇಕಾಗಿದ್ದ ಮನೆ ಹಿಂದಿನ ರಸ್ತೆಯಲ್ಲಿತ್ತು.

ಅವರ ಬೆರಳನ್ನು ನಿಜವಾಗಿ ಬಲ್ಲವನು ಶೆಟ್ಟಿಹಳ್ಳಿಯ ಚಿಕ್ಕಬೈರಪ್ಪ. ನಮ್ಮ ಕಡೆಯ ಮದುವೆಗಳಿಗೆಲ್ಲ ಡೋಲು ಅವನದೇ. ಇಪ್ಪತ್ತೆರಡು ವರ್ಷಗಳಲ್ಲಿ ಅವರಿಬ್ಬರೂ ಕೂತು ಹತ್ತು ಮಾತು ಆಡಿರಲಿಕ್ಕಿಲ್ಲ. ಬೆರಳು ಎದ್ದರೆ ಡೋಲಿಗೆ ಪೆಟ್ಟು ಬೀಳುತ್ತದೆ. ಅವರ ನಡುವೆ ಇದ್ದದ್ದು ಅಷ್ಟೇ, ಆದರೆ ಅದು ಎಂದೂ ತಪ್ಪಿದ್ದಿಲ್ಲ.

ಇನ್ನು ಕಥೆಗೆ ಬರುತ್ತೇನೆ. ಉಪೇಂದ್ರರ ಒಬ್ಬಳೇ ಮಗಳು ಭಾವನಾ ಯಲಹಂಕದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಎಂ.ಎಸ್ಸಿ. ಓದುತ್ತಾಳೆ. ಅಲ್ಲಿ ಒಂದು ವಿಂಡ್ ಬ್ಯಾಂಡ್ ಇದೆ. ಪಿಟೀಲು, ವೀಣೆ ಯಾವುದೂ ಇಲ್ಲ. ಊದುವ ವಾದ್ಯಗಳು, ಹಿಂದೆ ಬಡಿಯುವ ವಾದ್ಯಗಳು, ಒಟ್ಟು ಅರವತ್ತು ಜನ. ಭಾವನಾ ಮೂರು ವರ್ಷಗಳಿಂದ ಅದರಲ್ಲಿ ಕ್ಲಾರಿನೆಟ್ ಊದುತ್ತಾಳೆ. ಅವಳು ಹೊಸದಾಗಿ ಅಭ್ಯಾಸ ಶುರುಮಾಡಿದಾಗ ನಮ್ಮ ಬೀದಿಯ ನಾಯಿಗಳು ಮುಂದಿನ ಅಡ್ಡರಸ್ತೆಗೆ ಹೋದವು. ಈಚೆಗೆ ಒಂದೊಂದಾಗಿ ವಾಪಸು ಬರುತ್ತಿವೆ. ಇದನ್ನು ನಾನು ಅವಳ ಪ್ರಗತಿಗೆ ಸಾಕ್ಷಿಯೆಂದು ತಿಳಿದಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ನಾನು ಎದುರು ಮನೆಯವನ ಹಕ್ಕಿನಿಂದ ಉಪೇಂದ್ರರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಭಾವನಾ ಬಂದು ಅಪ್ಪನ ಎದುರು ನಿಂತಳು.

“ಅಪ್ಪಾ, ಮುಂದಿನ ಶನಿವಾರ ಸಂಜೆ ನಮ್ಮ ಕಾನ್ಸರ್ಟು. ಈ ಸಲ ಒಂದು ಪೀಸ್‌ನಲ್ಲಿ ನಾನು ಊದಲ್ಲ. ಕಂಡಕ್ಟ್ ಮಾಡ್ತೀನಿ.”

“ಊದಲ್ವಾ?” ಅಡುಗೆಮನೆಯಿಂದ ಅವಳ ತಾಯಿ ಕೃಷ್ಣವೇಣಿಯಮ್ಮ ಸೌಟು ಸಮೇತ ಬಂದರು. “ಯಾಕೆ, ಏನ್ ತಪ್ ಮಾಡ್ದೆ?”

“ತಪ್ಪಲ್ಲಮ್ಮ. ಎಲ್ರ ಮುಂದೆ ನಿಂತ್ಕೊಂಡು ಹೇಗೆ ನುಡಿಸ್ಬೇಕು ಅಂತ ಕೈಯಲ್ಲಿ ತೋರಿಸ್ಬೇಕು. ದೊಡ್ಡ ವಿಷ್ಯ ಅದು.”

“ಎಲ್ರ ಮುಂದೇನಾ? ಹಾಗಾದ್ರೆ ಜನಕ್ಕೆ ನಿನ್ನ ಮುಖ ಚೆನ್ನಾಗಿ ಕಾಣುತ್ತೆ.”

“ಇಲ್ಲಮ್ಮ. ಮುಖ ಬ್ಯಾಂಡ್ ಕಡೆ. ಜನಕ್ಕೆ ಬೆನ್ನು.”

ಕೃಷ್ಣವೇಣಿಯಮ್ಮ ಸೌಟನ್ನು ಸೋಫಾದ ಮೇಲೆ ಇಟ್ಟು ನನ್ನ ಕಡೆ ತಿರುಗಿದರು. “ಕೇಳಿದ್ರಾ? ಮೂರು ವರ್ಷ ಉಸಿರು ಕಟ್ಟಿ ಊದಿದ್ ಹುಡುಗೀನ ಜನಕ್ಕೆ ಬೆನ್ನು ಹಾಕಿ ನಿಲ್ಲಿಸ್ತಾರಂತೆ.” ಆಮೇಲೆ, ಗಟ್ಟಿ ಹೆಂಗಸಾದ್ದರಿಂದ ತಾವೇ ಸಮಾಧಾನ ಮಾಡಿಕೊಂಡರು. “ಹಾಗಾದ್ರೆ ಜಡೆ ನಾನೇ ಹಾಕ್ತೀನಿ. ಎರಡು ಮೊಳ ಮಲ್ಲಿಗೆ ಬೇಕು.”

ಭಾವನಾ ಅಪ್ಪನ ಪಕ್ಕದಲ್ಲಿ ಕೂತಳು. “ಅಪ್ಪಾ, ವಸಿಷ್ಠ ಅಂತ ನಮ್ಮ ಬ್ಯಾಂಡಲ್ಲಿ ಒಬ್ಬ ಇದಾನೆ. ಅವನೂ ಒಂದು ಪೀಸ್ ಕಂಡಕ್ಟ್ ಮಾಡ್ತಾನೆ. ಇಬ್ಬರಲ್ಲಿ ಯಾರು ಚೆನ್ನಾಗಿ ಮಾಡ್ತಾರೋ ಅವರನ್ನ ಸಂಗಮೇಶ್ ಸರ್ ಮುಂದಿನ ವರ್ಷಕ್ಕೆ ಅಸಿಸ್ಟೆಂಟ್ ಕಂಡಕ್ಟರ್ ಮಾಡ್ಕೋತಾರೆ. ನಂಗದು ಬೇಕೇ ಬೇಕಪ್ಪಾ.”

ಬೇಕು ಎಂಬ ಮಾತು ಆ ಹುಡುಗಿಯ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಉಪೇಂದ್ರರು ಕಾಫಿ ಲೋಟ ಕೆಳಗಿಟ್ಟರು.

“ಅಂದ್ರೆ, ಅರವತ್ತು ಜನ ವಾದ್ಯ ಹಿಡ್ಕೊಂಡ್ ಕೂತಿರ್ತಾರೆ. ನೀನು ಕೈ ಎತ್ತಿದ್ರೆ ಶುರು ಮಾಡ್ತಾರೆ?”

“ಹೂಂ.”

“ಎತ್ತದೇ ಹೋದ್ರೆ?”

“ಸುಮ್ನೆ ಕೂತಿರ್ತಾರೆ.”

ಉಪೇಂದ್ರರು ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. “ಕೃಷ್ಣವೇಣೀ,” ಎಂದರು, “ರಕ್ತ ಕಣೇ, ರಕ್ತ!”

ಮರುದಿನದಿಂದ ಬಡಾವಣೆಯಲ್ಲಿ ಎಲ್ಲಿ ಹೋದರೂ ಇದೇ ಸುದ್ದಿ. ಕಂಡಕ್ಟರ್ ಎಂದೊಡನೆ ಬಸ್ಸಿನ ಮಾತೆತ್ತಿದವರಿಗೆ ಉಪೇಂದ್ರರು ಕಾಫಿ ಕೊಡುವುದನ್ನು ನಿಲ್ಲಿಸಿದರು. ಗಟ್ಟಿಮೇಳಕ್ಕೆ ಬೆರಳೆತ್ತುವುದೂ ಬ್ಯಾಂಡಿಗೆ ಕೈಯೆತ್ತುವುದೂ ಒಂದೇ ವಿದ್ಯೆಯೆಂದೂ, ಅದು ತಮ್ಮ ಮನೆತನದಲ್ಲಿ ಹರಿದು ಬಂದಿದೆಯೆಂದೂ ಹಾಲಿನ ಬೂತಿನಲ್ಲಿ ಹೇಳಿದರು. ಮಂಗಳವಾರದ ಹೊತ್ತಿಗೆ ಮಗಳಿಗೆ ತಾವೇ ಕಲಿಸಿದ್ದೆಂದರು. ಬುಧವಾರ ಯಾರೋ ಕೇಳಿದ್ದಕ್ಕೆ, ಇನ್ನೂ ಕಲಿಸುತ್ತಿದ್ದೇನೆ ಎಂದರು.

ಮಾತು ಉಳಿಸಿಕೊಳ್ಳಲು ತಾರಸಿಯ ಮೇಲೆ ಮಣೆ ಹಾಕಿ ನಿಂತು ಅಭ್ಯಾಸವನ್ನೂ ಶುರು ಮಾಡಿದರು. ಕೆಳಗೆ ನೀರಿನ ಟ್ಯಾಂಕರಿನವನು ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ. ತಾರಸಿಯ ಮೇಲಿನ ಹಿರಿಯರು ಬಾ, ಬಾ ಎಂದು ಕೈಬೀಸಿ ಕರೆಯುತ್ತಿದ್ದಾರೆಂದು ತಿಳಿದು, ಅವನು ಬಹು ವಿಶ್ವಾಸದಿಂದ ಬರುತ್ತಾ ಬರುತ್ತಾ ನನ್ನ ಕಾಂಪೌಂಡಿನ ಗೇಟನ್ನು ದಾಟಿ ತುಳಸಿಕಟ್ಟೆಯವರೆಗೂ ಬಂದ. ನಾನು ಕಿರುಚಿಕೊಂಡೆ. ಉಪೇಂದ್ರರು ಮೇಲಿನಿಂದ ಬಗ್ಗಿ ನೋಡಿ, “ನೋಡಿದ್ರಾ ಕೈಯ ಶಕ್ತಿ!” ಎಂದರು. ಗೇಟು ಈಗಲೂ ಮುಚ್ಚುವುದಿಲ್ಲ.

ಬೀದಿಯ ಜನವೆಲ್ಲ ಕಾನ್ಸರ್ಟಿಗೆ ಹೋಗುವುದೆಂದಾಯಿತು. ಮೂಲೆಮನೆಯ ಲಕ್ಷ್ಮಿದೇವಮ್ಮನವರಿಗೆ ಎಂಬತ್ತರ ಹತ್ತಿರ ವಯಸ್ಸು. ಬೀದಿಯ ಶುಭಕಾರ್ಯಗಳ ಶಾಸ್ತ್ರವೆಲ್ಲ ಅವರ ನಾಲಗೆಯ ತುದಿಯಲ್ಲಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಉಪೇಂದ್ರ, ಗಟ್ಟಿಮೇಳ ಅಂತೀಯ. ಹಾಗಾದ್ರೆ ಅಕ್ಷತೆ ಬೇಡ್ವೇನೋ?”

ಉಪೇಂದ್ರರು ಈ ಬಗ್ಗೆ ಯೋಚಿಸಿರಲಿಲ್ಲ. ಯೋಚಿಸದಿದ್ದಾಗ ಅವರು ಹೇಳುವ ಮಾತು ಒಂದಿದೆ. ಅದನ್ನೇ ಹೇಳಿದರು. “ಇರ್ಲಿ ಬಿಡಿ, ತನ್ನಿ.”

ಪಕ್ಕದ ಮನೆಯ ಮುಕ್ತಾರ್ ಸಾಹೇಬರು ಟೈಲರ್. ಆರ್.ಟಿ. ನಗರದಲ್ಲಿ ಅವರ ಅಂಗಡಿ. ಕಂಡಕ್ಟರಿನ ತಂದೆಗೆ ತಕ್ಕ ಕರಿ ಕೋಟು ಬೇಕೆಂದು ಉಪೇಂದ್ರರು ಅವರಿಗೆ ಅಳತೆ ಕೊಟ್ಟರು. ಅಳತೆ ಕೊಡುವಾಗಲೂ ಬೆರಳು ಮೇಲಿತ್ತಂತೆ.

ಗುರುವಾರ ಮಧ್ಯಾಹ್ನ ತಾಲೀಮು ನೋಡಲು ಉಪೇಂದ್ರರು ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿಯವರೆಗೆ ನಾನು ಇದೆಲ್ಲವನ್ನೂ ತಮಾಷೆಯೆಂದುಕೊಂಡಿದ್ದೆ. ಸಂಗೀತದ ಗಂಧಗಾಳಿ ಇಲ್ಲದ ಮನುಷ್ಯ ನಾನು. ಆ ಸಭಾಂಗಣದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವನು ಚಪ್ಪಲಿ ಬಿಡಬೇಕೇನೋ ಎಂದು ಅಲ್ಲೇ ನಿಂತುಬಿಟ್ಟೆ.

ವೇದಿಕೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಅರವತ್ತು ಹುಡುಗ ಹುಡುಗಿಯರು. ಮುಂದೆ ಬೆಳ್ಳಿಯ ಕೊಳಲುಗಳು, ಕಪ್ಪನೆಯ ಕ್ಲಾರಿನೆಟ್ಟುಗಳು. ಹಿಂದೆ ಸಾಲುಸಾಲಾಗಿ ಹಿತ್ತಾಳೆ. ಒಬ್ಬ ಸಣಕಲು ಹುಡುಗ ಅಪ್ಪಿಕೊಂಡಿದ್ದ ವಾದ್ಯ ನಮ್ಮ ಮನೆಯ ನೀರಿನ ಹಂಡೆಗಿಂತ ದೊಡ್ಡದಿತ್ತು. ಎಲ್ಲರೂ ತಮಗೆ ತೋಚಿದ್ದನ್ನು ಊದುತ್ತಿದ್ದರು. ಆಗ ಒಬ್ಬ ಗಿಡ್ಡ ಮನುಷ್ಯ ಬಂದು ಎದುರಿನ ಮರದ ಪೆಟ್ಟಿಗೆಯ ಮೇಲೆ ಹತ್ತಿದರು. ಅವರೇ ಸಂಗಮೇಶ್ ಸರ್, ಬಾಗಲಕೋಟೆ ಕಡೆಯವರು. ಮಾತಿಲ್ಲ, ಕೆಮ್ಮಿಲ್ಲ. ಅಂಗೈಯನ್ನು ಎದೆಯ ಎತ್ತರಕ್ಕೆ ತಂದರು, ಅಷ್ಟೆ. ಅರವತ್ತು ಬಾಯಿ ಒಟ್ಟಿಗೆ ಉಸಿರು ಎಳೆದುಕೊಂಡ ಶಬ್ದ ನನಗೆ ಕೇಳಿಸಿತು. ಆಮೇಲೆ ಅವರ ಕೈಯ ಪುಟ್ಟ ಬಿಳಿ ಕಡ್ಡಿ ಕೆಳಗಿಳಿಯಿತು.

ಬಂದದ್ದನ್ನು ಶಬ್ದ ಎಂದು ಕರೆಯಲು ನನಗೆ ಮನಸ್ಸಿಲ್ಲ. ನೆಲ ಅದುರಿತು, ಕುರ್ಚಿ ಅದುರಿತು, ನನ್ನ ಎದೆಯ ಗೂಡಿನೊಳಗೆ ಯಾರೋ ದೀಪ ಹಚ್ಚಿದ ಹಾಗಾಯಿತು. ಅದೇ ಮನುಷ್ಯ ಎಡಗೈಯ ಕಿರುಬೆರಳನ್ನು ಸ್ವಲ್ಪ ಮಡಿಸಿದ್ದಕ್ಕೆ ಅಷ್ಟೂ ಹಿತ್ತಾಳೆ ಪಿಸುಮಾತಾಯಿತು. ಹುಬ್ಬು ಏರಿಸಿದ್ದಕ್ಕೆ ಮೂರು ಕೊಳಲು ಎದ್ದವು. ನನ್ನ ಮನೆಯಲ್ಲಿ ನಾನು ನಾಲ್ಕು ಸಲ ಕೂಗಿದರೂ ಒಬ್ಬರೂ ಫ್ಯಾನು ಆರಿಸುವುದಿಲ್ಲ. ಇಲ್ಲಿ ಹುಬ್ಬಿಗೆ ಕೆಲಸ ಆಗುತ್ತಿತ್ತು. ಉಪೇಂದ್ರರ ಬಾಯಿ ತೆರೆದೇ ಇತ್ತು. ಅದರಿಂದ ಮಾತು ಬಾರದಿದ್ದುದನ್ನೂ ನಾನು ಅದೇ ಮೊದಲು ನೋಡಿದ್ದು.

“ಇದು ನಮ್ದಲ್ಲ ಕಣ್ರೀ,” ಎಂದರು ಕೊನೆಗೆ. “ನಮ್ದು ಒಂದು ಬೆರಳು. ಇವ್ರು ಹತ್ತೂ ಬೆರಳಿನ ಮನುಷ್ಯ.”

ಆಮೇಲೆ ಭಾವನಾಳ ಸರದಿ ಬಂತು. ಆಗಲೇ ನಮಗೆ ಗೊತ್ತಾದದ್ದು, ಬ್ಯಾಂಡಿನ ನಡುವೆ ಚಾಪೆ ಹಾಸಿ, ಪಂಚೆ ಶಲ್ಯದಲ್ಲಿ ಡೋಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಚಿಕ್ಕಬೈರಪ್ಪ ಎಂದು! ಭಾವನಾ ನಡೆಸಬೇಕಾದ ಪೀಸನ್ನು ಸಂಗಮೇಶ್ ಸರ್ ತಾವೇ ಬ್ಯಾಂಡಿಗೂ ಡೋಲಿಗೂ ಸೇರಿಸಿ ರಚಿಸಿದ್ದರು. ಅದರ ನಡುವೆ ಒಂದು ಕಡೆ ಎಲ್ಲ ನಿಂತುಹೋಗುತ್ತದೆ. ತಾಳವೂ ಇಲ್ಲ, ಎಣಿಕೆಯೂ ಇಲ್ಲ. ಎಷ್ಟು ಹೊತ್ತು ಮೌನ ಎಂಬುದು ನಡೆಸುವವರ ಕೈಯಲ್ಲಿದೆ. ಅವರು ಸನ್ನೆ ಮಾಡಿದಾಗ ಮೊದಲು ಡೋಲು ಸಿಡಿಯಬೇಕು, ಅದರ ಬೆನ್ನಿಗೆ ಅರವತ್ತೂ ವಾದ್ಯ. ಡೋಲು ತಪ್ಪಿದರೆ ಎಲ್ಲರೂ ತಪ್ಪಿದಂತೆ.

ಮೊದಲ ಸಲ ಭಾವನಾ ಕಡ್ಡಿ ಎತ್ತಿದಳು, ಚಿಕ್ಕಬೈರಪ್ಪ ಸುಮ್ಮನೆ ಕೂತಿದ್ದ. ಎರಡನೆಯ ಸಲ ಅವಳು ಕಡ್ಡಿ ಎತ್ತಿ ಇಳಿಸಿ ಆದಮೇಲೆ ಒಂದು ಪೆಟ್ಟು ಹಾಕಿ, ತಪ್ಪಾಯಿತೆಂದು ನಾಲಗೆ ಕಚ್ಚಿಕೊಂಡ. ಮೂರನೆಯ ಸಲ ಎಲ್ಲ ನಿಂತಿತು. ಮೌನ. ಚಿಕ್ಕಬೈರಪ್ಪ ಬೆವರು ಒರೆಸಿಕೊಳ್ಳುತ್ತಾ ತಲೆಯೆತ್ತಿದವನು ಎದುರಿನ ಸಾಲಿನಲ್ಲಿ ಉಪೇಂದ್ರರನ್ನು ಕಂಡ. ಅವನ ಮುಖ ಅರಳಿತು. ಉಪೇಂದ್ರರು ಬೇಕೆಂದು ಮಾಡಲಿಲ್ಲ, ಅದಕ್ಕೆ ನಾನು ಸಾಕ್ಷಿ. ಇಪ್ಪತ್ತೆರಡು ವರ್ಷದ ಬೆರಳು ತಾನಾಗಿಯೇ ಎದ್ದಿತು.

ಡೋಲು ಸಿಡಿಯಿತು ನೋಡಿ! ಭಾವನಾ ಇನ್ನೂ ಕೈಯನ್ನೇ ಎತ್ತಿರಲಿಲ್ಲ. ಅರ್ಧ ಬ್ಯಾಂಡು ಡೋಲಿನ ಹಿಂದೆ ಓಡಿತು, ಅರ್ಧ ಬ್ಯಾಂಡು ಅವಳನ್ನು ನೋಡುತ್ತಾ ಕೂತಿತು. ಹಂಡೆಯ ಹುಡುಗ ಏನೂ ತೋಚದೆ ಒಂದೇ ಸ್ವರವನ್ನು ಬಹಳ ಹೊತ್ತು ಊದಿದ.

ಸಂಗಮೇಶ್ ಸರ್ ನಿಧಾನಕ್ಕೆ ತಿರುಗಿದರು. “ಅಲ್ರೀ, ಈ ಬ್ಯಾಂಡಿಗೆ ನಾವು ಮೂರು ಮಂದಿ ಕಂಡಕ್ಟರ್ ಅದೀವಿ. ನಾಲ್ಕನೇದವರು ನೀವು ಯಾವಾಗ ಸೇರಿದ್ರಿ?”

“ಸರ್, ನಾನು ಅವಳ ತಂದೆ...”

“ತಂದೀ ಆದ್ರ ಕೂಡ್ರಿ. ಕೈ ಯಾಕ ಎತ್ತತೀರಿ?” ಎಂದು ಹೇಳಿ ಭಾವನಾಳ ಕಡೆ ತಿರುಗಿದರು. ಧ್ವನಿ ಏರಿಸಲೇ ಇಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ನೋಡವಾ, ಡೋಲು ನಿನ್ನ ಮಾತು ಕೇಳಬೇಕು. ನಿಮ್ಮಪ್ಪಂದಲ್ಲ. ಶನಿವಾರ ಹಿಂಗಾತಂದ್ರ ನಾ ವಸಿಷ್ಠನ್ನ ತಗೋಳೂದಾಗ್ತದ.”

ವಿರಾಮದಲ್ಲಿ ಚಿಕ್ಕಬೈರಪ್ಪ ನಮ್ಮ ಬಳಿ ಬಂದ. ಅವನ ಮುಖ ನೋಡಲಾಗುತ್ತಿರಲಿಲ್ಲ. “ಏನ್ ಮಾಡ್ಲಿ ಸ್ವಾಮಿ. ಆ ಕಡ್ಡಿ ಮ್ಯಾಕೋಯ್ತದೆ, ಕೆಳಕ್ ಬತ್ತದೆ, ಯಾವಾಗ್ಲೂ ಆಡ್ತಾನೇ ಇರ್ತದೆ. ಅದ್ರಾಗೆ ಒಡಿ ಅನ್ನೋದ್ಯಾವ್ದು, ಬ್ಯಾಡ ಅನ್ನೋದ್ಯಾವ್ದು? ನಿಮ್ ಬೆರಳಾದ್ರೆ ಇಂಗೆ ಸುಮ್ಕಿರ್ತದೆ. ಎದ್ರೆ ಒಡೆಯೋದೇಯ. ಮಗೀನ್ ಕೆಲ್ಸ ಕೆಡಿಸ್ಬುಡ್ತೀನೇನೋ ಅಂತ ಅನ್ನ ಸೇರಾಕಿಲ್ಲ ನಂಗೆ.”

“ಅದಕ್ಕೇನಂತೆ,” ಉಪೇಂದ್ರರಿಗೆ ಜೀವ ಬಂತು. “ಭಾವನಾ, ನೀನೇ ಬೆರಳು ತೋರಿಸ್ಬಿಡಮ್ಮ. ಇಷ್ಟೇ ನೋಡು, ಹೀಗೆ...”

“ಅಪ್ಪಾ!” ಭಾವನಾಳ ಕಣ್ಣು ತುಂಬಿತ್ತು. “ಇದು ಮದುವೆ ಅಲ್ಲ. ಎಲ್ರೂ ನಗ್ತಾರೆ. ಶನಿವಾರ ನೀನು ಕೈ ಎತ್ತಿದ್ರೆ ನನ್ ಕಥೆ ಮುಗೀತು. ದಯವಿಟ್ಟು ಎತ್ತಬೇಡ. ಮಾತು ಕೊಡು.”

ಉಪೇಂದ್ರರು ಮಾತು ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಆದರೆ ಅಪ್ಪನ ಮಾತು ಬೇರೆ, ಅಪ್ಪನ ಬೆರಳು ಬೇರೆ ಎಂಬುದು ಭಾವನಾಳಿಗೆ ಗೊತ್ತಿತ್ತು. ಶುಕ್ರವಾರ ಅವಳು ಗುಟ್ಟಾಗಿ ಮುಕ್ತಾರ್ ಸಾಹೇಬರ ಅಂಗಡಿಗೆ ಹೋಗಿ ಬಂದಳು. ಆಮೇಲೆ ನನ್ನ ಮನೆಗೆ ಬಂದು, “ಅಂಕಲ್, ಅಪ್ಪನ ಬಲಗೈ ನಿಮ್ ಜವಾಬ್ದಾರಿ. ನನ್ ಪೀಸ್ ಮುಗಿಯೋವರೆಗೂ ಹಿಡ್ಕೊಂಡಿರಿ, ಬಿಡಬೇಡಿ,” ಎಂದಳು. ನಾನು ಸರ್ಕಾರಿ ನೌಕರಿಯಲ್ಲಿ ಇದ್ದಾಗಲೂ ಇಷ್ಟು ದೊಡ್ಡ ಜವಾಬ್ದಾರಿ ಹೊತ್ತಿರಲಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಮಿನಿಬಸ್ಸು ಹೊರಟಿತು. ಉಪೇಂದ್ರರು ಕರಿ ಕೋಟಿನಲ್ಲಿ ಬಹಳ ಗಂಭೀರವಾಗಿ ಬಂದು ನನ್ನ ಪಕ್ಕದಲ್ಲಿ ಕೂತರು. ಮೇಲಿನ ಕಂಬಿ ಹಿಡಿಯಲು ಹೋದರೆ ಕೈ ಎದೆಯಿಂದ ಮೇಲೆ ಏಳಲಿಲ್ಲ.

“ಸಾಹೇಬ್ರೇ, ಕಂಕುಳಲ್ಲಿ ಭಾರೀ ಬಿಗಿ ಮಾಡಿದೀರಲ್ರೀ!”

ಹಿಂದಿನ ಸೀಟಿನಲ್ಲಿದ್ದ ಮುಕ್ತಾರ್ ಸಾಹೇಬರು ಕಿಟಕಿಯ ಆಚೆ ನೋಡುತ್ತಾ, “ಈಗಿನ್ ಫ್ಯಾಷನ್ನೇ ಹಂಗೆ ಸಾರ್, ಕೈ ಕೆಳಗಿದ್ರೇನೇ ಕೋಟಿಗೆ ಲುಕ್ಕು,” ಎಂದರು. ಮೂವತ್ತೈದು ವರ್ಷದ ಕಸುಬಿನಲ್ಲಿ ಬೇಕೆಂದೇ ಕೆಟ್ಟದಾಗಿ ಹೊಲಿದದ್ದು ಇದೊಂದೇ ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿ ನೊಂದುಕೊಂಡರು.

ಸಭಾಂಗಣ ತುಂಬಿತ್ತು. ನಮ್ಮ ಬೀದಿಯವರು ಮುಂದಿನ ಎರಡು ಸಾಲು ಹಿಡಿದೆವು. ಮುಂದಿನ ಸಾಲಿನಲ್ಲಿ ಉಪೇಂದ್ರರು. ಅವರ ಬಲಕ್ಕೆ ಅವರ ಕೈ ಹಿಡಿದುಕೊಂಡ ನಾನು, ಎಡಕ್ಕೆ ಕೃಷ್ಣವೇಣಿಯಮ್ಮ, ಅವರ ಆಚೆ ಲಕ್ಷ್ಮಿದೇವಮ್ಮನವರು. ಹಿಂದಿನ ಸಾಲಿನಲ್ಲಿ ಮುಕ್ತಾರ್ ಸಾಹೇಬರು. ಎರಡು ಸಾಲಿನ ಹೆಂಗಸರ ಕೈಯಲ್ಲೂ ಒಂದೊಂದು ಕರವಸ್ತ್ರದ ಗಂಟು ಇತ್ತು. ಅದರಲ್ಲಿ ಏನಿದೆಯೆಂದು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ನನ್ನ ಗಮನವೆಲ್ಲ ಕೈಯ ಮೇಲಿತ್ತು. ಅರವತ್ತೆರಡು ವರ್ಷದ ಇಬ್ಬರು ಗಂಡಸರು ಕೈ ಕೈ ಹಿಡಿದು ಕೂತದ್ದನ್ನು ನೋಡಿ ಪಕ್ಕದ ಸಾಲಿನ ವಿದ್ಯಾರ್ಥಿನಿಯರಿಬ್ಬರು “ಸೋ ಸ್ವೀಟ್” ಎಂದು ಫೋಟೋ ತೆಗೆದರು.

ಸಂಗಮೇಶ್ ಸರ್ ಮೊದಲ ಮೂರು ಪೀಸುಗಳನ್ನು ನಡೆಸಿದರು. ಗುರುವಾರ ಕೇಳಿದ್ದು ಖಾಲಿ ಸಭಾಂಗಣದಲ್ಲಿ. ಈಗ ಸಾವಿರ ಜನ ಉಸಿರು ಬಿಗಿಹಿಡಿದು ಕೂತಿರುವಾಗ ಅದೇ ಶಬ್ದ ಬೇರೆಯಾಗಿತ್ತು. ಕಹಳೆಗಳು ಎದ್ದಾಗ ನಾನೂ ಎದ್ದುಬಿಟ್ಟಿದ್ದೆನಂತೆ, ಕೈಯಲ್ಲಿ ಉಪೇಂದ್ರರಿದ್ದುದರಿಂದ ಮತ್ತೆ ಕೂತೆ. ಲಕ್ಷ್ಮಿದೇವಮ್ಮನವರು ಕೈಮುಗಿದುಕೊಂಡೇ ಕೇಳಿದರು. ಆಮೇಲೆ ವಸಿಷ್ಠ ಬಂದ. ಉದ್ದನೆಯ, ಚೆಂದದ ಹುಡುಗ. ಒಂದು ಎಳೆ ತಪ್ಪದೆ ನಡೆಸಿ, ಚಪ್ಪಾಳೆಗೆ ಬಾಗಿ, ಬ್ಯಾಂಡಿನ ನಡುವೆ ತನ್ನ ಜಾಗಕ್ಕೆ ಹೋಗಿ ಕೂತ. ನಮ್ಮ ಬೀದಿಯವರು ಪಕ್ಷಪಾತವಿಲ್ಲದವರಂತೆ ಸ್ವಲ್ಪ ಮಾತ್ರ ಚಪ್ಪಾಳೆ ತಟ್ಟಿದೆವು. ಉಪೇಂದ್ರರ ಅಂಗೈ ನನ್ನ ಅಂಗೈಯಲ್ಲಿ ಐಸಿನಂತೆ ತಣ್ಣಗಿತ್ತು.

ಚಿಕ್ಕಬೈರಪ್ಪ ಡೋಲು ಹೊತ್ತು ಬಂದು ಚಾಪೆಯ ಮೇಲೆ ಕೂತ. ಭಾವನಾ ಕಪ್ಪು ಸೀರೆಯಲ್ಲಿ ಬಂದು ಪೆಟ್ಟಿಗೆ ಹತ್ತಿದಳು. ನಮ್ಮ ಕಡೆ ಬೆನ್ನು, ಬೆನ್ನ ಮೇಲೆ ಜಡೆ, ಜಡೆಯ ತುಂಬ ಮಲ್ಲಿಗೆ. ಕೃಷ್ಣವೇಣಿಯಮ್ಮ ಎಲ್ಲರಿಗೂ ಕೇಳಿಸುವಂತೆ, “ಬೆನ್ನಾದ್ರೂ ಎಷ್ಟ್ ಲಕ್ಷಣವಾಗಿದೆ!” ಎಂದರು.

ಕೈ ಎತ್ತಿದಳು. ನಮ್ಮ ಬೀದಿಯಲ್ಲಿ ಸೈಕಲ್ ಕಲಿಯುವಾಗ ನನ್ನ ಕಾಂಪೌಂಡಿಗೇ ಗುದ್ದಿಕೊಂಡು ಅಳುತ್ತಿದ್ದ ಹುಡುಗಿ ಕೈ ಎತ್ತಿದಳು, ಅರವತ್ತು ಜನ ಅವಳಿಗಾಗಿ ಉಸಿರು ಎಳೆದುಕೊಂಡರು. ಶುರುವಾಯಿತು. ಎಲ್ಲ ಸರಾಗವಾಗಿ ಹೋಗುತ್ತಿತ್ತು. ಹಿತ್ತಾಳೆ ಮೆತ್ತಗಾಯಿತು, ಕ್ಲಾರಿನೆಟ್ಟು ನಿಂತವು, ಕಡೆಗೆ ಒಂದೇ ಕೊಳಲು ಉಳಿಯಿತು, ಅದೂ ನಿಂತಿತು.

ಮೌನ ಬಂತು. ಆ ಜಾಗ ಬಂತು.

ಭಾವನಾಳ ಕಡ್ಡಿ ಗಾಳಿಯಲ್ಲಿ ನಿಂತಿತ್ತು. ಚಿಕ್ಕಬೈರಪ್ಪ ಕಡ್ಡಿಯನ್ನು ನೋಡಿದ. ಕಡ್ಡಿ ಸ್ವಲ್ಪ ಎದ್ದು ಇಳಿಯಿತು. ಅದು ಒಡಿ ಎಂಬುದೋ ಬೇಡ ಎಂಬುದೋ ತಿಳಿಯದೆ ಅವನು ಗಾಬರಿಯಾದ. ಅವನ ಕಣ್ಣು ಕಡ್ಡಿ ಬಿಟ್ಟು, ಭಾವನಾಳ ಭುಜ ದಾಟಿ, ನೇರ ಮುಂದಿನ ಸಾಲಿಗೆ ಬಂದು ಉಪೇಂದ್ರರ ಮೇಲೆ ನಿಂತಿತು. ‘ಎತ್ತಿ ಸ್ವಾಮಿ’ ಎಂದು ಆ ಕಣ್ಣು ಬೇಡುತ್ತಿತ್ತು.

ನನ್ನ ಕೈಯಲ್ಲಿದ್ದ ಕೈ ಮೇಲೇಳಲು ಎಳೆಯತೊಡಗಿತು. ನಾನು ಎರಡೂ ಕೈಯಿಂದ ಹಿಡಿದೆ. ಕೋಟಿನ ಕಂಕುಳಲ್ಲಿ ಒಂದು ಹೊಲಿಗೆ ಚಿಟ್ ಎಂದಿತು. ಅರವತ್ತು ಜನ ಕಾಯುತ್ತಿದ್ದಾರೆ, ಸಾವಿರ ಜನ ಕಾಯುತ್ತಿದ್ದಾರೆ, ಪರದೆಯ ಪಕ್ಕದಲ್ಲಿ ಸಂಗಮೇಶ್ ಸರ್ ಕೈಕಟ್ಟಿ ನಿಂತಿದ್ದಾರೆ. ಉಪೇಂದ್ರರ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಒಂದು ಬೆರಳು ಎತ್ತಿದರೆ ಡೋಲು ಸಿಡಿಯುತ್ತದೆ, ಆದರೆ ಮಗಳಿಗೆ ಏನೂ ಉಳಿಯುವುದಿಲ್ಲ.

ಉಪೇಂದ್ರರು ಬೆರಳು ಎತ್ತಲಿಲ್ಲ. ಚಿಕ್ಕಬೈರಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಗದ್ದವನ್ನು ನಿಧಾನವಾಗಿ ಮಗಳ ಕಡೆಗೆ ತಿರುಗಿಸಿದರು. ನನ್ನನ್ನಲ್ಲ, ಅವಳನ್ನು ನೋಡು.

ಚಿಕ್ಕಬೈರಪ್ಪ ಅವಳನ್ನು ನೋಡಿದ. ಅವನ ನೋಟ ಎಲ್ಲಿಗೆ ಹೋಗಿ ಬಂತೆಂಬುದನ್ನು ಭಾವನಾಳೂ ನೋಡಿದ್ದಳು. ಅವಳು ಹಿಂದಿರುಗಿ ನೋಡಲಿಲ್ಲ. ಬಿಳಿ ಕಡ್ಡಿಯನ್ನು ಎದುರಿನ ಸ್ಟ್ಯಾಂಡಿನ ಮೇಲೆ ಮೆಲ್ಲನೆ ಇಟ್ಟಳು. ಬರಿಗೈಯನ್ನು ತಲೆಯ ಮೇಲಕ್ಕೆ ಎತ್ತಿದಳು. ತೋರುಬೆರಳು ಒಂದು ಕ್ಷಣ ನೆಟ್ಟಗೆ ನಿಂತು, ಗಡಗಡ ಅಲುಗಿತು. ನಮ್ಮ ಛತ್ರಗಳಲ್ಲಿ ಇಪ್ಪತ್ತೆರಡು ವರ್ಷ ಕಂಡ ಬೆರಳು, ಅದೇ ಕೋನ, ಅದೇ ನಡುಕ.

ಅಬ್ಬಾ! ಚಿಕ್ಕಬೈರಪ್ಪ ಹಾಗೆ ಬಾರಿಸಿದ್ದನ್ನು ನಾನು ಯಾವ ಮದುವೆಯಲ್ಲೂ ಕೇಳಿಲ್ಲ. ಡೋಲು ಸಿಡಿಯಿತು, ಅದರ ಬೆನ್ನಿಗೆ ಕಹಳೆ, ಕೊಳಲು, ಕ್ಲಾರಿನೆಟ್ಟು, ಹಂಡೆ ಎಲ್ಲ ಒಟ್ಟಿಗೆ ಎದ್ದು ಚಾವಣಿಗೆ ಬಡಿದವು. ನನ್ನ ಮೈಯೆಲ್ಲ ಜುಮ್ಮೆಂದಿತು. ಅದೇ ಕ್ಷಣಕ್ಕೆ ಲಕ್ಷ್ಮಿದೇವಮ್ಮನವರು ಎದ್ದು ನಿಂತು, “ಗಟ್ಟಿಮೇಳ! ಹಾಕ್ರೇ!” ಎಂದು ಕೂಗಿದರು. ಕರವಸ್ತ್ರದ ಗಂಟುಗಳು ಬಿಚ್ಚಿದವು. ಎರಡು ಸಾಲಿನ ಅಕ್ಷತೆ ಒಟ್ಟಿಗೆ ಹಾರಿ ವೇದಿಕೆಯ ಮೇಲೆ ಮಳೆಯಾಯಿತು. ಹಳದಿ ಅಕ್ಕಿ ಕೊಳಲಿನವರ ತಲೆಯ ಮೇಲೆ, ಡೋಲಿನ ಮೇಲೆ, ಹಂಡೆಯ ಬಾಯೊಳಗೆ. ಆ ಸಣಕಲು ಹುಡುಗ ಊದಿದ ಮುಂದಿನ ಸ್ವರಕ್ಕೆ ಅಷ್ಟೂ ಅಕ್ಕಿ ಮೇಲಕ್ಕೆ ಚಿಮ್ಮಿತು. ಒಬ್ಬರೂ ನಿಲ್ಲಿಸಲಿಲ್ಲ. ಭಾವನಾಳ ಹತ್ತೂ ಬೆರಳು ಅವರನ್ನು ಹಿಡಿದಿದ್ದವು. ಅವಳು ಎರಡೂ ಕೈ ಮುಷ್ಟಿ ಕಟ್ಟಿ ಕೊನೆಯ ಸ್ವರವನ್ನು ಮುಗಿಸುವವರೆಗೂ ಬ್ಯಾಂಡು ಒಂದೇ ಮೈಯಾಗಿ ನುಡಿಯಿತು.

ಮುಗಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಸಂಗಮೇಶ್ ಸರ್ ಪರದೆಯ ಪಕ್ಕದಿಂದ ನಡೆದು ಬಂದರು. ಅವರ ಕಾಲಕೆಳಗೆ ಅಕ್ಕಿ ಚರಚರ ಎಂದಿತು. ಬಗ್ಗಿ ನಾಲ್ಕು ಕಾಳು ಆರಿಸಿಕೊಂಡರು. ಬೆಳಕಿಗೆ ಹಿಡಿದು ನೋಡಿದರು. ಲಕ್ಷ್ಮಿದೇವಮ್ಮನವರು ಕೃಷ್ಣವೇಣಿಯಮ್ಮನ ಕಡೆ ಬಗ್ಗಿ, “ಬೈತಾರೇನೋ?” ಎಂದು ಪಿಸುಗುಟ್ಟಿದರು.

ಸಂಗಮೇಶ್ ಸರ್ ಆ ನಾಲ್ಕು ಕಾಳನ್ನು ಭಾವನಾಳ ತಲೆಯ ಮೇಲೆ ಹಾಕಿದರು. “ಭೇಷ್, ಅಸಿಸ್ಟೆಂಟ್ ಕಂಡಕ್ಟರ್,” ಎಂದರು. ಮೈಕು ಆನ್ ಇತ್ತು, ಎಲ್ಲರಿಗೂ ಕೇಳಿಸಿತು. ವಸಿಷ್ಠ ಡೋಲಿನ ಪಕ್ಕದಿಂದ ಎದ್ದು ಮೊದಲ ಚಪ್ಪಾಳೆ ತಟ್ಟಿದ.

ಆಮೇಲೆ ಸಾವಿರ ಜನ ಎದ್ದರು. ಚಪ್ಪಾಳೆಯ ಸದ್ದಿಗೆ ಮತ್ತೊಮ್ಮೆ ನೆಲ ಅದುರಿತು. ಭಾವನಾ ತಿರುಗಿದಳು. ಈಗ ಜನಕ್ಕೆ ಅವಳ ಮುಖ ಕಂಡಿತು. ಅವಳ ಕಣ್ಣು ಹುಡುಕುತ್ತಿದ್ದದ್ದು ಮಾತ್ರ ಮುಂದಿನ ಸಾಲಿನ ಒಬ್ಬರನ್ನು. ಇಡೀ ಸಭಾಂಗಣದಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವರು ಅವರೊಬ್ಬರೇ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡಿರಲಿಲ್ಲ.

“ಏನ್ರೀ ಉಪೇಂದ್ರ,” ನಾನು ಕಿವಿಯಲ್ಲಿ ಕೂಗಿದೆ, “ಎದ್ದೇಳ್ರೀ! ಮಗಳು ನಿಮ್ಮನ್ನೇ ನೋಡ್ತಿದಾಳೆ!”

“ಕೈ ಬಿಡ್ರೀ ಮೊದ್ಲು!” ಎಂದರು ಉಪೇಂದ್ರರು. “ನಾನೂ ಚಪ್ಪಾಳೆ ತಟ್ಟಬೇಕು!”

ನಾನು ಇನ್ನೂ ಎರಡೂ ಕೈಯಿಂದ ಹಿಡಿದೇ ಇದ್ದೆ. ಬಿಟ್ಟೆ. ಅವರು ಎದ್ದು ಎರಡು ಕೈಗಳನ್ನೂ ತಲೆಯ ಮೇಲಕ್ಕೆ ಎತ್ತಿದರು. ಹೊಸ ಕೋಟು ಕಂಕುಳಿನಿಂದ ಸೊಂಟದವರೆಗೆ ಪರ್ರನೆ ಹರಿಯಿತು. ಅವರು ಬೆಚ್ಚಿ ಹಿಂದೆ ತಿರುಗಿದರು.

ಮುಕ್ತಾರ್ ಸಾಹೇಬರು ತಾವೂ ಚಪ್ಪಾಳೆ ತಟ್ಟುತ್ತಲೇ ಹೇಳಿದರು: “ತಟ್ಟಿ ಸಾರ್, ತಟ್ಟಿ. ನಾಳೆ ಹೊಲಿದು ಕೊಡ್ತೀನಿ.”